ಎಂಟನೆಯ ಪಾವಟಿಗೆಯ ವಾಸನೆ

ರೋಣದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಪ್ರಯೋಗಾಲಯದ ಅಟೆಂಡರ್ ಆಗಿರುವ ಸಂಗನಬಸವನಿಗೆ ವಿಜ್ಞಾನ ಬರುವುದಿಲ್ಲ. ಇದು ಶಾಲೆಯ ಮಾಸ್ತರರಿಗೆ ಗೊತ್ತಿತ್ತು, ಓಣಿಯವರಿಗೆ ಗೊತ್ತಿರಲಿಲ್ಲ, ಅವನಿಗಂತೂ ಯಾರೂ ಹೇಳಿರಲಿಲ್ಲ.

ಬಾಟಲಿ ತೊಳೆಯುವುದು, ಕಪಾಟಿನ ಬೀಗ ತೆಗೆಯುವುದು ಅವನ ಕೆಲಸ. ವರ್ಷಕ್ಕೊಮ್ಮೆ ಅನಿಲಗಳ ಪಾಠ ಬಂದಾಗ ಮಾತ್ರ ಅವನಿಗೆ ತರಗತಿಯೊಳಗೆ ಪ್ರವೇಶ. ಅಮೋನಿಯಾ ಬಾಟಲಿಯ ಬಿರಡೆ ತೆಗೆದು ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಲ್ಲಬೇಕು. ವಾಸನೆ ಬಂದವರು ಕೈ ಎತ್ತಬೇಕು. ಮೊದಲ ಬೆಂಚು ಎತ್ತುತ್ತಿತ್ತು, ಆಮೇಲೆ ಎರಡನೆಯದು, ಮೂರನೆಯದು. ಕೊನೆಯ ಬೆಂಚಿನವರು ವಾಸನೆ ಬರುವ ಮೊದಲೇ ಎತ್ತಿರುತ್ತಿದ್ದರು. ಆಗ ಮಾಸ್ತರರು ಹೇಳುತ್ತಿದ್ದರು: ವಾಸನೆಯ ಒಂದೊಂದು ಕಣವೂ ಬಂದೂಕಿನ ಗುಂಡಿನ ವೇಗದಲ್ಲಿ ಹಾರುತ್ತದೆ. ಆದರೆ ಗಾಳಿಯ ಕಣಗಳು ಅದನ್ನು ನೆಟ್ಟಗೆ ಹೋಗಲು ಬಿಡುವುದಿಲ್ಲ. ಸಂತೆಯ ಗದ್ದಲದಲ್ಲಿ ಓಡುವವನಂತೆ ಹೆಜ್ಜೆಗೊಬ್ಬರಿಗೆ ಡಿಕ್ಕಿ ಹೊಡೆಯುತ್ತ ಬರುತ್ತದೆ, ಅದಕ್ಕೇ ತಡ. ಹಗುರವಾದ ಕಣ ಬೇಗ ಓಡುತ್ತದೆ, ಭಾರದ್ದು ನಿಧಾನ. ಸೂಜಿಮೊನೆಯಷ್ಟು ತೂತು ಸಿಕ್ಕರೂ ಸಾಕು, ನುಸುಳಿ ಹೊರಗೆ ಬರುತ್ತದೆ.

ಈ ಮಾತುಗಳನ್ನು ಇಪ್ಪತ್ತಾರು ಸಲ ಕೇಳಿ ಸಂಗನಬಸವನಿಗೆ ಬಾಯಿಪಾಠವಾಗಿತ್ತು. ಮಾಸ್ತರರು ಎಲ್ಲಿ ಕೆಮ್ಮುತ್ತಿದ್ದರೋ ಅಲ್ಲಿ ಅವನೂ ಕೆಮ್ಮುತ್ತಿದ್ದ.

ಎರಡು ವರ್ಷದ ಹಿಂದೆ ಪಕ್ಕದ ಮನೆಯ ಶರೀಫಾಬಿಯ ಅಡುಗೆಮನೆಯಲ್ಲಿ ಏನೋ ವಾಸನೆ ಬಂದಿತ್ತು. ಸಂಗನಬಸವ ಒಳಗೆ ಹೋಗಿ, ಕಣ್ಣು ಮುಚ್ಚಿ, ಮೂಗನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, 'ಪೈಪು' ಎಂದ. ಇಲಿ ಕಡಿದ ತೂತು ನಿಜವಾಗಿಯೂ ಪೈಪಿನಲ್ಲೇ ಇತ್ತು. ಗ್ಯಾಸು ಪೈಪಿನಿಂದಲ್ಲದೆ ಚಾವಣಿಯಿಂದ ಸೋರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅಂದಿನಿಂದ ಓಣಿಯಲ್ಲಿ ಹಾಲು ಒಡೆದರೂ, ಅಟ್ಟದ ಮೇಲೆ ಇಲಿ ಸತ್ತರೂ ಜನ ಮೊದಲು ಅವನನ್ನು ಕರೆಯುತ್ತಿದ್ದರು. ಅವನು ಬಂದು, ವಾಸನೆ ಎಷ್ಟು ಮಾರು ದೂರದಿಂದ ಹೊರಟಿದೆ, ಹೊರಟು ಎಷ್ಟು ನಿಮಿಷವಾಯಿತು ಎಂಬುದನ್ನೂ ಹೇಳಿ ಚಹಾ ಕುಡಿದು ಹೋಗುತ್ತಿದ್ದ.

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಶರೀಫಾಬಿಯ ಆಚೆಗಿನ ಮನೆಯ ಶಿವನಪ್ಪನ ಮಗಳು ನೀಲಾಳನ್ನು ನೋಡಲು ಗಜೇಂದ್ರಗಡದಿಂದ ಬರುವವರಿದ್ದರು. ಶಿವನಪ್ಪನ ಹೊಲ ಜಕ್ಕಲಿಯಲ್ಲಿ, ಮನೆ ರೋಣದಲ್ಲಿ, ಚಿಂತೆ ಎರಡೂ ಕಡೆ. ನೀಲಾ ಬಿ.ಎಸ್ಸಿ. ಮುಗಿಸಿ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಈ ಮೊದಲು ಬಂದ ಎರಡು ಸಂಬಂಧಗಳು ತಪ್ಪಿದ್ದವು. ಒಂದು, ಹುಡುಗಿ ಬಹಳ ಮಾತಾಡುತ್ತಾಳೆಂದು. ಅದರಿಂದ ಬುದ್ಧಿ ಕಲಿತು ಎರಡನೆಯ ಸಲ ಸುಮ್ಮನೆ ಕೂತಾಗ, ಹುಡುಗಿಗೆ ಮಾತೇ ಬರುವುದಿಲ್ಲವೆಂದು. ಮೂರನೆಯ ಸಲ ಏನೂ ಕೆಡಬಾರದು, ತಿಳಿದವರೊಬ್ಬರು ಪಕ್ಕದಲ್ಲಿ ಇರಲಿ ಎಂದು ಶಿವನಪ್ಪ ಸಂಗನಬಸವನನ್ನು ಕರೆದು ಕೂಡಿಸಿದ.

ಹನ್ನೊಂದು ಗಂಟೆಗೆ ಕಾರು ಬಂತು. ಮೊದಲು ಇಳಿದವರು ಹುಡುಗನ ತಂದೆ ಅಂದಾನೆಪ್ಪನವರು. ಗಜೇಂದ್ರಗಡದ ಹಳೆಯ ಕಿರಾಣಿ ವ್ಯಾಪಾರಿ. ಮೈ ಭಾರ, ಮೊಣಕಾಲು ನೋವು, ಬಿಸಿಲು ಎಷ್ಟಿದ್ದರೂ ಕೋಟು. ಅವರ ಹಿಂದೆ ಹೆಂಡತಿ ಮಾಯವ್ವ, ಅವರ ಹಿಂದೆ ಹುಡುಗ ಸಿದ್ದರಾಮೇಶ. ಅಂದಾನೆಪ್ಪನವರ ಕೋಟಿನ ಒಳಕಿಸೆಯಲ್ಲಿ ತೆಳುವಾದ ಪ್ಲಾಸ್ಟಿಕ್ ಚೀಲವೊಂದಿತ್ತು. ಅದರಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಟ್ಟಿ ಇಂಗಿನ ಉಂಡೆಯಿತ್ತು. ಹೊಸದಾಗಿ ಬಂದ ಮಾಲು. ಹುಡುಗಿಯನ್ನು ನೋಡಿ, ಹಾಗೇ ನರಗುಂದಕ್ಕೆ ಹೋಗಿ, ಅಲ್ಲಿಯ ಒಬ್ಬ ಅಂಗಡಿಕಾರರಿಗೆ ತೋರಿಸುವ ವಿಚಾರವಿತ್ತು. ಚಿಟಿಕೆಯಷ್ಟು ಒಗ್ಗರಣೆಗೆ ಬಿದ್ದಾಗ ಘಮ್ಮೆನ್ನುವ ಇಂಗು ಹಸಿ ಉಂಡೆಯಾಗಿದ್ದಾಗ ಸೋರುವ ಸಿಲಿಂಡರಿನಂತೆಯೇ ನಾರುತ್ತದೆ. ಈ ಸಂಗತಿ ಆ ಮನೆಯವರಾರಿಗೂ ಮೊದಲಿಗೆ ಹೊಳೆಯಲಿಲ್ಲ. ಓದುವವರಿಗೆ ಈಗಲೇ ಗೊತ್ತಾದರೆ ತೊಂದರೆಯಿಲ್ಲ.

ಎಲ್ಲರೂ ಪಡಸಾಲೆಯಲ್ಲಿ ಕೂತರು. ನೀಲಾ ನೀರು ತಂದುಕೊಟ್ಟಳು.

"ಎಷ್ಟನೇತ್ತಾದವ್ರಿಗೆ ಕಲಸ್ತಿ ತಂಗಿ?" ಮಾಯವ್ವ ಕೇಳಿದರು.

"ಎಂಟು, ಒಂಬತ್ತನೇ ಕ್ಲಾಸಿನವ್ರಿಗೆ ರೀ."

ಉತ್ತರ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂದು ಶಿವನಪ್ಪನಿಗೆ ಸಮಾಧಾನವಾಯಿತು. ಅಷ್ಟರಲ್ಲಿ ಸಂಗನಬಸವನ ಮೂಗು ಎದ್ದಿತು. ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಅಡುಗೆಮನೆಯಲ್ಲಿ ಶಿವನಪ್ಪನ ಹೆಂಡತಿ ಅನ್ನಪೂರ್ಣಾ ಒಲೆಯ ಮೇಲೆ ಚಹಾದ ನೀರು ಇಡುವ ಸಪ್ಪಳ ಕೇಳಿತು. ಅವನು ಎದ್ದು ನಿಂತ.

"ಅನ್ನಪೂರ್ಣಕ್ಕ, ಒಲಿ ಹಚ್ಚಬ್ಯಾಡ್ರಿ."

"ಯಾಕ? ಚಹಾಕ್ಕ ನೀರ ಇಟ್ಟೀನಿ."

"ಇಟ್ಟಿದ್ದು ಹಂಗ ಇರ್ಲಿ. ಕೈ ತಗದು ಹೊರಗ ಬರ್ರಿ. ಗ್ಯಾಸ್ ಸೋರಾಕತ್ತೈತಿ. ಯಾರೂ ಫೋನ್ ಮುಟ್ಟಬ್ಯಾಡ್ರಿ. ಬಟನ್ ಒತ್ತಬ್ಯಾಡ್ರಿ. ಕೂತಲ್ಲಿಂದ ನಿಧಾನ ಏಳ್ರಿ."

ಶಿವನಪ್ಪ ಮೂಗು ಎಳೆದು ನೋಡಿದ. ಹೌದು, ವಾಸನೆ ಇತ್ತು. ಅನ್ನಪೂರ್ಣಾಳಿಗೂ ಬಂತು. ಮಾಯವ್ವ ಗಂಡನ ಮುಖ ನೋಡಿದರು. ಅಂದಾನೆಪ್ಪನವರು ಸುಮ್ಮನೆ ತಲೆಯಾಡಿಸಿದರು. ಎಲ್ಲರಿಗೂ ಬಂದ ವಾಸನೆ ತಮಗೆ ಬರಲಿಲ್ಲ ಎನ್ನುವುದು ಅವರ ಸ್ವಭಾವವಲ್ಲ. ಸಿದ್ದರಾಮೇಶ ಮಾತ್ರ ಏನೋ ಹೇಳಲು ಬಾಯಿ ತೆರೆದು, ತಂದೆಯ ಕಡೆ ನೋಡಿ, ಮುಚ್ಚಿದ.

"ಓಣ್ಯಾಗ ಹೋಗೂಣೇನು?" ಶಿವನಪ್ಪ ಕೇಳಿದ.

"ಓಣಿ ಇಳಕಲ ಐತಿ. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ, ನೀರಿನಗತೆ ಇಳಕಲ ಹಿಡದು ಹೋಗತೈತಿ. ನಾವು ಅದರ ಮುಂದ ಮುಂದ ಹೋದಂಗ ಆಕ್ಕೈತಿ. ಮಾಳಿಗಿ ಹತ್ರಿ."

ಮಾಳಿಗೆಗೆ ಅಂಗಳದಿಂದ ಕಲ್ಲಿನ ಮೆಟ್ಟಿಲು, ಹದಿನಾರು ಪಾವಟಿಗೆಗಳು. ಅಂದಾನೆಪ್ಪನವರು ಮೊದಲನೆಯ ಪಾವಟಿಗೆಯನ್ನು ನೋಡಿದರು, ಆಮೇಲೆ ಹದಿನಾರನೆಯದನ್ನು ನೋಡಿದರು, ಆಮೇಲೆ ಯಾರನ್ನೂ ನೋಡಲಿಲ್ಲ. ಕಡೆಗೆ ಅವರನ್ನು ಕುರ್ಚಿಯ ಮೇಲೆ ಕೂಡಿಸಿ, ಮುಂದೆ ಶಿವನಪ್ಪ, ಹಿಂದೆ ಸಿದ್ದರಾಮೇಶ ಹಿಡಿದು ಎತ್ತಿದರು. ಹೆಣ್ಣಿನ ತಂದೆ ಬೀಗರನ್ನು ತಲೆಯ ಮೇಲೆ ಹೊರಬೇಕೆಂದು ಹಿರಿಯರು ಹೇಳುತ್ತಾರೆ. ಶಿವನಪ್ಪ ಸಂಬಂಧ ಕೂಡುವ ಮೊದಲೇ ಎದೆಯ ಮಟ್ಟದವರೆಗೆ ಹೊತ್ತ.

ಮಾಳಿಗೆಯ ಮೇಲೆ ಬಿಸಿಲು ಸುಡುತ್ತಿತ್ತು. ಮೊದಲ ಎರಡು ನಿಮಿಷ ಬಿಸಿಗಾಳಿ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಸಂಗನಬಸವ ಎಲ್ಲರ ಕಡೆಗೂ ಒಂದು ಸಲ ನೋಡಿದ. ಆ ನೋಟದಲ್ಲಿ ಇಪ್ಪತ್ತಾರು ವರ್ಷಗಳ ಸರ್ವಿಸಿತ್ತು. ಅಷ್ಟರಲ್ಲಿ ಗಾಳಿ ನಿಂತಿತು, ಅಂದಾನೆಪ್ಪನವರು ಬೆವರು ಒರೆಸಿಕೊಳ್ಳಲು ಕೋಟಿನ ಗುಂಡಿ ಬಿಚ್ಚಿದರು. ವಾಸನೆ ಬಂತು, ಕೆಳಗಿದ್ದದ್ದಕ್ಕಿಂತ ಜೋರಾಗಿ.

"ಸಂಗಣ್ಣ, ಭಾರಾದದ್ದು ಮ್ಯಾಲ ಹ್ಯಾಂಗ ಬಂತು?" ಅನ್ನಪೂರ್ಣಾ ಕೇಳಿದಳು.

ಸಂಗನಬಸವ ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತ. "ಹಂಗಾರ ಇದು ಸಿಲಿಂಡರಿಂದು ಅಲ್ಲ. ಸಂಡಾಸದ ಗುಂಡಿದು. ಗುಂಡಿ ಗ್ಯಾಸು ಭಾಳ ಹಗುರ. ಮ್ಯಾಲ ಏರತೈತಿ, ಏರಿ ಏರಿ ಮಾಳಿಗಿಗೆ ತುಂಬತೈತಿ. ಲಗೂ ಇಳೀರಿ."

"ಈಗ ಹತ್ತೀವಲ್ಲೋ," ಎಂದ ಶಿವನಪ್ಪ.

"ಹತ್ತಿದಾಗ ಭಾರಾಗಿತ್ತು. ಈಗ ಹಗುರ ಆಗೈತಿ."

ಕುರ್ಚಿ ಇಳಿಯಿತು. ಅಂಗಳದಲ್ಲಿ ಇಟ್ಟ ಮೂರನೆಯ ನಿಮಿಷಕ್ಕೆ ವಾಸನೆ ಅಲ್ಲಿಯೂ ಹಾಜರಾಯಿತು. ಸಂಗನಬಸವ ಅಂಗಳದ ನಾಲ್ಕು ಮೂಲೆಗೂ ಹೋಗಿ ಬಂದ. ಮೂಲೆಗಳಲ್ಲಿ ಇರಲಿಲ್ಲ, ನಡುವೆ ಇತ್ತು. ನಡುವೆ ಕುರ್ಚಿಯಿತ್ತು, ಕುರ್ಚಿಯ ಮೇಲೆ ಬೀಗರಾಗುವವರಿದ್ದರು. ಬೀಗರಾಗುವವರ ಕಡೆಗೆ ಮೂಗು ತಿರುಗಿಸುವುದು ಮರ್ಯಾದೆಯಲ್ಲ ಎಂದು ಅವನು ಅದನ್ನು ಆಕಾಶದ ಕಡೆಗೆ ತಿರುಗಿಸಿದ.

"ಎರಡೂ ಕೂಡ್ಯಾವು," ಎಂದು ತೀರ್ಪು ಕೊಟ್ಟ. "ಸಿಲಿಂಡರಿಂದೂ ಸೋರಾಕತ್ತೈತಿ, ಗುಂಡಿದೂ ಏರಾಕತ್ತೈತಿ. ಭಾರಾದದ್ದು ಕೆಳಗ, ಹಗುರಾದದ್ದು ಮ್ಯಾಲ. ನಡುವ ಜಾಗಾ ಖಾಲಿ ಐತಿ. ಪಾವಟಿಗಿ ಮ್ಯಾಲ ಕೂಡ್ರಿ."

ಹೀಗಾಗಿ ನೀಲಾಳನ್ನು ನೋಡುವ ಕಾರ್ಯಕ್ರಮ ಪಾವಟಿಗೆಗಳ ಮೇಲೆ ಮುಂದುವರಿಯಿತು. ಎಂಟನೆಯ ಪಾವಟಿಗೆಯ ಮೇಲೆ ಅಂದಾನೆಪ್ಪನವರು, ಒಂಬತ್ತನೆಯದರ ಮೇಲೆ ಮಾಯವ್ವ, ಏಳನೆಯದರ ಮೇಲೆ ಶಿವನಪ್ಪ ಕೂತರು. ಹುಡುಗ ಹನ್ನೊಂದರ ಮೇಲೆ, ಹುಡುಗಿ ಐದರ ಮೇಲೆ. ಒಬ್ಬರಿಗೊಬ್ಬರ ಮುಖ ಕಾಣುತ್ತಿರಲಿಲ್ಲ. ಗೋಡೆಯಾಚೆಯಿಂದ ಇದೆಲ್ಲವನ್ನೂ ನೋಡುತ್ತಿದ್ದ ಶರೀಫಾಬಿ ಅಗ್ನಿಶಾಮಕ ದಳಕ್ಕೂ ಸಿಲಿಂಡರ್ ತಂದುಕೊಡುವ ಬಾಬುಸಾಬನಿಗೂ ಫೋನ್ ಮಾಡಿದಳು.

ಬಾಬುಸಾಬ ಮೊದಲು ಬಂದ. ಸಾಬೂನು ನೀರು ಹಚ್ಚಿ ಸಿಲಿಂಡರ್, ರೆಗ್ಯುಲೇಟರ್, ಪೈಪು ಎಲ್ಲ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

"ಇದರಾಗ ಏನೂ ಇಲ್ರಿ. ಸೂಜಿ ಹೋಗೂವಷ್ಟೂ ತೂತಿಲ್ಲ."

"ಸೂಜಿ ಯಾಕ ಬೇಕು? ಕಣ ಸೂಜಿಗಿಂತ ಸಣ್ಣದಿರತೈತಿ," ಎಂದ ಸಂಗನಬಸವ.

"ಆದರ ಗುಳ್ಳಿ ಬರಬೇಕಲ್ಲ?"

"ನಿನ್ನ ಸಾಬೂನು ಹಳೇದು."

ಬಾಬುಸಾಬ ಸಾಬೂನನ್ನು ನೋಡಿದ. ಬೆಳಿಗ್ಗೆಯಷ್ಟೇ ತಂದದ್ದಾಗಿತ್ತು. ಆದರೂ ಸ್ವಲ್ಪ ಸಂಶಯ ಬಂತು.

ಈ ನಡುವೆ ನೀಲಾ ಎಲ್ಲರಿಗೂ ನೀರು ಕೊಡುತ್ತ ಪಾವಟಿಗೆ ಹತ್ತಿ ಇಳಿಯುತ್ತಿದ್ದಳು. ಎರಡು ಸಲ ಹತ್ತಿಳಿಯುವಷ್ಟರಲ್ಲಿ ಅವಳಿಗೆ ವಿಷಯ ತಿಳಿಯಿತು. ಅವಳು ಸಂಗನಬಸವನನ್ನು ಬಾವಿಕಟ್ಟೆಯ ಹತ್ತಿರ ಕರೆದು ದನಿ ತಗ್ಗಿಸಿ ಹೇಳಿದಳು.

"ಕಾಕಾ, ಇದು ಗ್ಯಾಸಲ್ಲ. ಇಂಗು. ಅವರ ಕೋಟಿನ್ಯಾಗ ಐತಿ."

"ಯಾರ ಕೋಟಿನ್ಯಾಗ?"

"ಇಲ್ಲಿ ಕೋಟ ಹಾಕ್ಕೊಂಡವರು ಎಷ್ಟ ಮಂದಿ ಅದಾರ? ಅವರು ಮ್ಯಾಲ ಹೋದಾಗ ವಾಸನಿ ಮ್ಯಾಲ ಬಂತು. ಕೆಳಗ ಬಂದಾಗ ಕೆಳಗ ಬಂತು. ಈಗ ಎಂಟನೇ ಪಾವಟಿಗಿ ಮ್ಯಾಲ ಕೂತೈತಿ. ನಾ ನಿಮ್ಮ ಸಾಲ್ಯಾಗ ಕಲಿಯೂ ಮುಂದ ಕ್ಲಾಸಿನ್ಯಾಗ ನೀವ ಬಾಟ್ಲಿ ಇಡತಿದ್ರಿ. ಬಾಟ್ಲಿ ಎಲ್ಲಿ ಐತಿ ಅಂತ ಹುಡುಕಾಕ ಇಷ್ಟ ಹೊತ್ತ ಬೇಕೇನು?"

"ಆದರ ಭಾರ, ಹಗುರ—"

"ಭಾರಾದದ್ದೂ ಹರಡತೈತಿ ಕಾಕಾ. ತಡಾ ಆಕ್ಕೈತಿ, ಅಷ್ಟ."

ಸಂಗನಬಸವ ಎಂಟನೆಯ ಪಾವಟಿಗೆಯ ಕಡೆ ನೋಡಿದ. ಆಮೇಲೆ ಏಳನೆಯದರ ಮೇಲೆ ಶಿವನಪ್ಪ ಕೈಕಟ್ಟಿಕೊಂಡು, ಮುಖದ ತುಂಬ ನಗುವಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತದ್ದನ್ನು ನೋಡಿದ. ಗಂಡಿನ ತಂದೆ ನಾರುತ್ತಾರೆ ಎಂದು ಇಡೀ ಓಣಿಯ ಮುಂದೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ವಿಜ್ಞಾನ ಬೇಕಿರಲಿಲ್ಲ.

"ನೀ ಸುಮ್ಮನಿರು. ನಾ ನೋಡ್ಕೋತೀನಿ," ಎಂದ.

ಅಷ್ಟರಲ್ಲಿ ಅಗ್ನಿಶಾಮಕ ದಳದ ಕೆಂಪು ಗಾಡಿ ಓಣಿಯೊಳಗೆ ಬಂತು. ಇಳಿದ ಅಧಿಕಾರಿ ಗುಂಪಿನ ಫೋಟೋಕ್ಕೆ ಕೂತವರಂತೆ ಪಾವಟಿಗೆಯ ಮೇಲೆ ಕೂತಿದ್ದವರನ್ನು ಸ್ವಲ್ಪ ಹೊತ್ತು ನೋಡಿ, "ಬೆಂಕಿ ಎಲ್ಲಿ?" ಎಂದರು.

"ಬೆಂಕಿ ಇನ್ನೂ ಹತ್ತಿಲ್ರಿ," ಎಂದ ಶಿವನಪ್ಪ, ತಡವಾದದ್ದಕ್ಕೆ ಕ್ಷಮೆ ಕೇಳುವವನ ಹಾಗೆ.

ಸಂಗನಬಸವ ಮುಂದೆ ಬಂದು ಕೈಮುಗಿದ. "ಸಾಹೇಬ್ರ, ತಪ್ಪು ನಂದು. ಸಾಲಿ ಲ್ಯಾಬಿನ್ಯಾಗಿಂದ ಒಂದು ಬಾಟ್ಲಿ ಮನಿಗೆ ತಂದಿದ್ನಿ. ಬರೂ ಮುಂದ ಇಲ್ಲೇ ಗಟಾರಿನ್ಯಾಗ ಬಿದ್ದು ಒಡದೈತಿ. ಅದರ ವಾಸನಿ ಇದು."

"ಯಾವ ಬಾಟ್ಲಿ?"

ಇಪ್ಪತ್ತಾರು ವರ್ಷ ತೊಳೆದ ಬಾಟಲಿಗಳಲ್ಲಿ ಒಂದರ ಹೆಸರೂ ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ. "ಹಸರ ಬಣ್ಣದ ಬಾಟ್ಲಿರಿ," ಎಂದ.

ಅಧಿಕಾರಿ ಹಾಗೆಯೇ ಬರೆದುಕೊಂಡರು. 'ಹಸಿರು ಬಾಟಲಿ, ರಾಸಾಯನಿಕ, ಶಾಲೆಯದು.' ಕೆಳಗೆ ಸಂಗನಬಸವನ ಸಹಿ, ಸಾಕ್ಷಿಗೆ ಬಾಬುಸಾಬನ ಸಹಿ. ಬಾಬುಸಾಬನಿಗೆ ತನ್ನ ಸಾಬೂನು ನಿರ್ದೋಷಿ ಎಂದು ತಿಳಿದು ಸಂತೋಷವಾಗಿತ್ತು. ಶಿವನಪ್ಪ ಸಂಗನಬಸವನನ್ನು ನೋಡಿದ ನೋಟ ಮಾತ್ರ ಬೇರೆಯಾಗಿತ್ತು. ಮೂವತ್ತು ವರ್ಷದ ನೆರೆಹೊರೆ ಅವತ್ತಿಗೆ ಮುಗಿಯಿತು ಎಂದು ಆ ನೋಟ ಹೇಳುತ್ತಿತ್ತು. ಸಂಗನಬಸವ ತಲೆ ತಗ್ಗಿಸಿ ನಿಂತ. ಅವನಿಗೆ ಜೀವನದಲ್ಲಿ ಮೊದಲ ಸಲ ಗೊತ್ತಿದ್ದೂ ಹೇಳಲಾಗದ ಒಂದು ಸಂಗತಿ ಇತ್ತು. ಅದರ ಕಷ್ಟ ಅವನಿಗೆ ಹೊಸದು.

ಎಂಟನೆಯ ಪಾವಟಿಗೆಯಿಂದ ಅಂದಾನೆಪ್ಪನವರು ಮೊದಲ ಸಲ ಬಾಯಿ ತೆರೆದರು.

"ಸಾಹೇಬ್ರ, ಒಂದ ಮಾತು. ಎಲ್ಲಾರೂ ವಾಸನಿ ವಾಸನಿ ಅಂತೀರಿ. ಎಂಥಾ ವಾಸನಿ ಅಂತ ಯಾರೂ ಹೇಳವಲ್ರಿ."

ಅಧಿಕಾರಿ ಎರಡು ಪಾವಟಿಗೆ ಹತ್ತಿ ಮೂಗು ಎಳೆದರು. "ಇಂಗಿನ್ಹಂಗ ಐತ್ರಿ. ಆದರ ಇಂಗು ಇಷ್ಟು ಘಾಟು ಇರೂದಿಲ್ಲ."

"ಇಂಗು?" ಎಂದು ಅಂದಾನೆಪ್ಪನವರು ನಿಧಾನವಾಗಿ ಕೋಟಿನೊಳಗೆ ಕೈ ಹಾಕಿ ಉಂಡೆಯನ್ನು ಹೊರತೆಗೆದರು. ಅಧಿಕಾರಿ ಹತ್ತಿದ್ದ ಎರಡು ಪಾವಟಿಗೆಗಳನ್ನು ಇಳಿದರು. ಅವರ ಹಿಂದೆ ನಿಂತಿದ್ದ ಸಿಬ್ಬಂದಿ ಅಭ್ಯಾಸಬಲದಿಂದ ಪೈಪಿಗೆ ಕೈ ಹಾಕಿದರು. ಶಿವನಪ್ಪ ಕಣ್ಣು ಮುಚ್ಚಿದ.

"ಇದ ಏನ್ರಿ?"

"ಇದೇ ಕಾಣತೈತ್ರಿ," ಎಂದರು ಅಧಿಕಾರಿ, ಕರವಸ್ತ್ರದ ಹಿಂದಿನಿಂದ.

"ಎಲ್ಲಿತನಾ ಬಂದೈತಿ?"

"ನಮ್ಮ ಮನಿತನಾ ಬಂದೈತ್ರಿ," ಎಂದು ಗೋಡೆಯಾಚೆಯಿಂದ ಶರೀಫಾಬಿ ಹೇಳಿದಳು.

"ಚೀಲದ ಬಾಯಿ ಕಟ್ಟಿದ್ನಿ."

"ಕಟ್ಟಿದ್ರೂ ಬಂದೈತ್ರಿ."

ಅಂದಾನೆಪ್ಪನವರ ಮುಖ ನಿಧಾನವಾಗಿ ಅರಳಿತು. ಮದುವೆಯಾದ ಮೇಲೆ ಆ ಮುಖ ಹಾಗೆ ಅರಳಿದ್ದನ್ನು ತಾನು ನೋಡಿದ್ದು ಅದೇ ಮೊದಲು ಎಂದು ಮಾಯವ್ವ ಆಮೇಲೆ ಹೇಳಿದರು. "ಹನ್ನೆರಡ ವರ್ಷ ಆತ್ರಿ ನನ್ನ ಮೂಗು ಕೆಲಸ ಬಿಟ್ಟು. ದಿನಾ ಅದರಾಗ ಕೂತು ಕೂತು ಹೋತು. ಇಂಗು ಮಾರಾಂವಗ ವಾಸನಿ ಬರೂದಿಲ್ಲ ಅಂದರ ಪ್ಯಾಟ್ಯಾಗ ಯಾರರ ನಂಬತಾರೇನು? ಹೇಳದಂಗ ಇದ್ನಿ. ಮಾಲು ಕೊಡಾಂವ ಭಾರಿ ಘಾಟು ಅಂತಾನ, ನಾ ಹೂಂ ಅಂತೀನಿ. ಮಣ್ಣಿನ ಹೆಂಟಿ ಕೊಟ್ಟರೂ ಹೂಂ ಅಂತಿದ್ನಿ. ಇವತ್ತ ಖಾತ್ರಿ ಆತು. ಸರಕಾರದ ಗಾಡೀನ ಬಂತು."

ಉಂಡೆಯನ್ನು ಕಣ್ಣ ಮುಂದೆ ಹಿಡಿದು ನೋಡಿದರು. ಆಮೇಲೆ ಅವರ ದೃಷ್ಟಿ ಸಂಗನಬಸವನ ಮೇಲೆ ಬಿತ್ತು. ಮುಖ ಮತ್ತೆ ಬಿಗಿಯಿತು.

"ಅಲ್ರಿ ಸಂಗನಬಸಪ್ಪ, ನನ್ನ ಮಾಲಿನ ವಾಸನಿ ನಿಮ್ಮ ಬಾಟ್ಲಿದು ಅಂತ ಹ್ಯಾಂಗ ಬರಕೊಟ್ರಿ?"

"ನಿಮ್ಮ ಮರ್ಯಾದಿ ಉಳಸಾಕ ರೀ," ಎಂದ ಸಂಗನಬಸವ.

"ಮರ್ಯಾದಿ ಏನ ಉಳಿಸಿದಿರಿ? ಗಾಡಿ ತರಸಿದ್ದು ನನ್ನ ಇಂಗು. ಹೆಸರ ಹೋಗಿದ್ದು ಗಟಾರಿನ ಬಾಟ್ಲಿಗೆ. ಸಾಹೇಬ್ರ, ಅದನ್ನ ಕಾಟು ಹೊಡದು ಇಂಗು ಅಂತ ಬರೀರಿ."

"ಬರದಿದ್ದನ್ನ ಹೊಡಿಯಾಕ ಬರೂದಿಲ್ರಿ. ಸಹಿ ಆಗೈತಿ. ಅರ್ಜಿ ಕೊಡ್ರಿ," ಎಂದು ಅಧಿಕಾರಿ ಗಾಡಿ ಹತ್ತಿದರು.

ಅಂದಾನೆಪ್ಪನವರು ಅರ್ಜಿ ಬರೆಯುವ ಉಮೇದಿನಲ್ಲಿ ಹುಡುಗಿಯ ವಿಷಯ ಪೂರ್ತಿ ಮರೆತು ನರಗುಂದಕ್ಕೆ ಹೊರಟುಹೋದರು. ಹದಿನಾರು ಪಾವಟಿಗೆ ಹೊತ್ತ ಶಿವನಪ್ಪನಿಗೆ ಹೌದೆಂಬ ಮಾತೂ ಸಿಗಲಿಲ್ಲ, ಅಲ್ಲವೆಂಬ ಮಾತೂ ಸಿಗಲಿಲ್ಲ.

ಸೋಮವಾರ ಶಾಲೆಗೆ ಸುದ್ದಿ ಮುಟ್ಟಿತು. ಹೆಡ್‌ಮಾಸ್ತರರು ಸಂಗನಬಸವನನ್ನು ಕರೆದು ಹಸಿರು ಬಾಟಲಿಯ ಬಗ್ಗೆ ಲಿಖಿತ ವಿವರಣೆ ಕೇಳಿದರು. ತಾನು ಬಾಟಲಿ ಒಯ್ದೇ ಇಲ್ಲ ಎಂದು ಅವನು ಬರೆದುಕೊಟ್ಟ. ಹಾಗಾದರೆ ಒಯ್ದೆ ಎಂದು ಸಹಿ ಮಾಡಿದ್ದೇಕೆ ಎಂದು ಕೇಳಿದರು. ಬೀಗರ ಕೋಟು ಕಾರಣ ಎಂದು ಬರೆದುಕೊಟ್ಟ. ಹೆಡ್‌ಮಾಸ್ತರರು ಅದನ್ನು ಮೂರು ಸಲ ಓದಿ ಕಪಾಟು ತೆರೆಸಿ ಬಾಟಲಿ ಎಣಿಸಿದರು. ಪಟ್ಟಿಯಲ್ಲಿ ನಲವತ್ತೊಂದಿದ್ದವು, ಕಪಾಟಿನಲ್ಲಿ ನಲವತ್ತೆರಡಿದ್ದವು. ಕಡಿಮೆಯಾದ ಬಾಟಲಿಗೆ ಏನು ಮಾಡಬೇಕೆಂದು ನಿಯಮವಿದೆ. ಹೆಚ್ಚಾದ ಬಾಟಲಿಗೆ ಇಲ್ಲ. ಸಂಗನಬಸವನನ್ನು ಲ್ಯಾಬಿನೊಳಗೆ ಬಿಡಬಾರದೆಂದು ತಾತ್ಕಾಲಿಕ ಆದೇಶವಾಯಿತು. ಅವನು ಒಂದು ವಾರ ವರಾಂಡದ ಬೆಂಚಿನ ಮೇಲೆ ಕೂತ. ಶಿವನಪ್ಪ ಎದುರಿಗೆ ಸಿಕ್ಕರೂ ಮಾತಾಡಿಸಲಿಲ್ಲ. ಓಣಿಯಲ್ಲಿ ಒಂದು ಇಲಿ ಸತ್ತಿತು, ಯಾರೂ ಕರೆಯಲಿಲ್ಲ.

ಮುಂದಿನ ಸೋಮವಾರ ಅಂದಾನೆಪ್ಪನವರ ಪತ್ರ ಶಾಲೆಗೆ ಬಂತು. ವಾಸನೆ ತಮ್ಮ ಅಂಗಡಿಯ ಇಂಗಿನದೇ ಹೊರತು ಶಾಲೆಗೆ ಅದರಲ್ಲಿ ಯಾವ ಪಾಲೂ ಇಲ್ಲವೆಂದು ಎರಡು ಪುಟ ಬರೆದು, ಪುರಾವೆಗೆ ಒಂದು ತುಣುಕನ್ನೂ ಲಕೋಟೆಯಲ್ಲಿ ಇಟ್ಟಿದ್ದರು. ಲಕೋಟೆ ಒಡೆದ ಗುಮಾಸ್ತರು ಹೊರಗೆ ಬಂದು ನಿಂತರು. ಹೆಡ್‌ಮಾಸ್ತರರು ಬಾಗಿಲಿನಿಂದಲೇ ಫೈಲು ಮುಗಿಸಿದರು.

ಪತ್ರವನ್ನು ತಂದುಕೊಟ್ಟವನು ಸಿದ್ದರಾಮೇಶ. ಅಂದು ಸಂಜೆ ಸಂಗನಬಸವ ಅವನನ್ನು ಶಿವನಪ್ಪನ ಮನೆಗೆ ಕರೆತಂದ. ಶಿವನಪ್ಪ ಹೊಲಕ್ಕೆ ಹೋಗಿದ್ದ. ಅನ್ನಪೂರ್ಣಾ ಒಳಗಿದ್ದಳು. ನೀಲಾ ಪಡಸಾಲೆಗೆ ಬಂದು ನಿಂತಳು. ಈ ಸಲ ಒಬ್ಬರ ಮುಖ ಒಬ್ಬರಿಗೆ ಕಂಡಿತು. ಸಂಗನಬಸವ ಹಿರಿಯನಾಗಿ ನಡುವೆ ಕೂತ.

"ಒಂದ ಕೇಳತೀನ್ರಿ," ಎಂದಳು ನೀಲಾ. "ಅವತ್ತ ನಿಮಗೂ ವಾಸನಿ ಬಂದಿರಲಿಲ್ಲೇನು?"

"ಬಂದಿತ್ರಿ. ಕಾರಿನ್ಯಾಗ ಬರೂ ಮುಂದನ ಬಂದಿತ್ತು. ಇಂಗು ಅಂತನೂ ಗೊತ್ತಿತ್ತು."

"ನಮ್ಮ ಅಪ್ಪನ ಜೋಡಿ ಕುರ್ಚಿ ಹೊತ್ತ ಹತ್ತಿದ್ರಿ, ಇಳಿದ್ರಿ. ಫೈರ್ ಗಾಡಿ ಬಂತು. ಕಾಕಾ ಸುಳ್ಳ ಸಹಿ ಮಾಡಿದ್ರು. ಆಗೂ ಹೇಳಲಿಲ್ಲ."

"ಇಲ್ರಿ. ಅಪ್ಪನ ಮುಂದ ನಾ ಅವತ್ತಿನತನಾ ಏನೂ ಹೇಳಿದಾಂವ ಅಲ್ಲ. ನನ್ನ ಮೂಗು ಚಲೋ ಐತ್ರಿ. ಬಾಯಿ ಕೆಟ್ಟೈತಿ."

ನೀಲಾ ನಗಲಿಲ್ಲ. "ಅದು ಹಂಗ ಇರೂದಾದರ ನನಗ ಬ್ಯಾಡ್ರಿ," ಎಂದಳು.

ಸಂಗನಬಸವ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಒಂದು ಪರಿಹಾರ ಹೇಳಬೇಕೆನ್ನಿಸಿತು.

"ನಿನ್ನೆ ಹೇಳಿದೆ ರೀ," ಎಂದ ಸಿದ್ದರಾಮೇಶ ನೆಲ ನೋಡುತ್ತ. "ಕಿಸೆದಾಗ ಇಂಗು ಇಟ್ಕೊಂಡು ಮಂದಿ ಮನಿಗೆ ಹೋಗಬ್ಯಾಡ, ಮೂಗು ದವಾಖಾನಿಗೆ ತೋರಸು, ಮತ್ತ ಆ ಹುಡುಗಿ ನನಗ ಮನಸಿಗೆ ಬಂದಾಳ ಅಂತ. ಮೂರೂ ಒಮ್ಮೆಲೆ ಹೇಳಿದೆ. ಬಿಡಿಬಿಡಿಯಾಗಿ ಹೇಳಾಕ ಧೈರ್ಯ ಬರಲಿಲ್ಲ."

"ಅವರೇನಂದ್ರು?"

"'ಇಷ್ಟ ದಿನ ಯಾಕ ಹೇಳಲಿಲ್ಲೋ' ಅಂದ್ರು. ಅಷ್ಟ."

ನೀಲಾ ಸಂಗನಬಸವನ ಕಡೆ ತಿರುಗಿದಳು.

"ಕಾಕಾ, ನೀವು ಒಂದೀಟು ಹೊರಗ ಗಾಳಿಗೆ ಹೋಗಿ ಬರ್ರಿ."

"ಯಾಕ?" ಎಂದು ಗಾಬರಿಯಿಂದ ಮೂಗೆತ್ತಿದ ಸಂಗನಬಸವ. "ಏನರ ಬರಾಕತ್ತೈತೇನು?"

ಅವನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿ ಎಳೆದು ನೋಡಿದ. ಏನೂ ಇರಲಿಲ್ಲ. ಆದರೂ ಯಾಕೋ ಎದ್ದು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಓಣಿಯ ತುದಿ ಮುಟ್ಟಿದ ಮೇಲೆ ಅವನಿಗೆ ಅರ್ಥವಾಯಿತು.